ಕೈಗುಣ

ಪಿಎಚ್.ಡಿ. ಪ್ರಬಂಧ ಒಪ್ಪಿಸಿ, ಮೌಖಿಕ ಪರೀಕ್ಷೆಯೂ ಮುಗಿದ ದಿನ ಅವಳ ಕೈ ಕುಲುಕಿದವರೆಲ್ಲ ಕೈ ಬಿಡುವ ಮೊದಲೇ ಕೇಳಿದ್ದು ಒಂದೇ ಮಾತು: "ಸರಿ, ಮುಂದೇನು?" ಪರೀಕ್ಷಕರ ಪ್ರಶ್ನೆಗಳಿಗೆಲ್ಲ ತಡವರಿಸುತ್ತಲಾದರೂ ಉತ್ತರ ಕೊಟ್ಟವಳು ಈ ಒಂದಕ್ಕೆ ಮಾತ್ರ ನೆಲ ನೋಡಿ ನಕ್ಕಿದ್ದಳು. ಅವಳ ದನಿಯೂ ಹಾಗೇ, ಪಕ್ಕದಲ್ಲಿ ಕೂತವರಿಗೂ ಅರ್ಧ ಕೇಳಿಸಿ ಅರ್ಧ ಕೇಳಿಸದು. ಪ್ರಯೋಗಾಲಯಕ್ಕೆ ಸೇರಿದ ಹೊಸತರಲ್ಲೇ ಹಿರಿಯರು 'ಪಿಸುಮಾತು' ಎಂದು ಹೆಸರಿಟ್ಟಿದ್ದರು. ವರ್ಷಗಳು ಉರುಳಿದಂತೆ ಅದೂ ಸವೆದು ಬರೀ 'ಪಿಸು' ಉಳಿದಿತ್ತು.

ಕಪಾಟು ಖಾಲಿ ಮಾಡಿ, ಬೀಗದ ಕೈ ಒಪ್ಪಿಸಿ ಮನೆಗೆ ಬಂದು ಕೂತ ಮೇಲೆ ನೋಡಿದರೆ, ಮುಂದೆ ಏನೂ ಇರಲಿಲ್ಲ. ಅರ್ಜಿ ಹಾಕಿದ ಕಡೆ ಕೆಲವರಿಗೆ ಅವಳ ಓದು ಹೆಚ್ಚಾಗಿತ್ತು, ಕೆಲವರಿಗೆ ಅನುಭವ ಕಡಿಮೆಯಾಗಿತ್ತು, ಉಳಿದವರಿಗೆ ಉತ್ತರ ಕೊಡುವಷ್ಟು ಪುರುಸೊತ್ತಿರಲಿಲ್ಲ. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಪಿಸು ಪಕ್ಕದಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚತೊಡಗಿದಳು. ಬೆಳಿಗ್ಗೆ ಎದ್ದರೆ ಗುಂಡಿ, ಸಂಜೆಯಾದರೆ ಡೈರಿ. ಡೈರಿಯಲ್ಲಿ ಬರೆಯಲೂ ಗುಂಡಿಗಳ ಹೊರತು ಸಂಗತಿಯಿರಲಿಲ್ಲ.

"ಡಾಕ್ಟರ್ ಹಚ್ಚಿದ ಗುಂಡಿ, ಮಗು ದೊಡ್ಡದಾಗಿ ಮದುವೆ ಆದ್ರೂ ಕಿತ್ತು ಬರಲ್ಲ," ಎಂದು ಅಣ್ಣ ಕಾಡುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. "ನನ್ನ ಕೆಲಸವೇ ಇದು ನೋಡು, ಎರಡು ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡೋರನ್ನ ಬಿಡಿಸೋದು. ಆದ್ರೆ ಒಳಗಿರೋರು ಕೂಗಬೇಕು. ನೀನು ಕೂಗೋಳೇ ಅಲ್ಲ."

"ಸುಮ್ಮನಿರೋ, ಪಾಪ," ಎಂದಳು ಅಮ್ಮ. ಆ 'ಪಾಪ' ಎಂಬ ಮಾತು ಅಣ್ಣನ ತಮಾಷೆಗಿಂತ ಹೆಚ್ಚು ಚುಚ್ಚಿತು.

ಹೀಗಿರುವಾಗ ಒಂದು ಸೋಮವಾರ ಗಡಿಬಿಡಿಯ ಫೋನ್ ಬಂತು. ಗಡಿಬಿಡಿ ಎಂದರೆ ಪಿಸು ಬಿಟ್ಟುಬಂದ ಕೆಲಸವನ್ನು ಹೊತ್ತುಕೊಂಡ ಹೊಸ ಸಂಶೋಧನಾ ವಿದ್ಯಾರ್ಥಿನಿ. ಹೆಸರಿಗೆ ತಕ್ಕ ಹುಡುಗಿ, ನಡೆಯುವ ಕಡೆ ಓಡುವವಳು, ಒಂದು ಉಸಿರಿಗೆ ನಾಲ್ಕು ಮಾತು ಆಡುವವಳು. ಆದರೆ ಅವತ್ತು ಒಂದೇ ಮಾತು ಆಡಿದಳು.

"ಅಕ್ಕ, ಅವು ಮೊಟ್ಟೆ ಇಡ್ತಾ ಇಲ್ಲ."

ಪಿಸು ಕೂಡಲೇ ಪ್ರಯೋಗಾಲಯಕ್ಕೆ ಓಡಿದಳು. ಅಲ್ಲಿ ಪತಂಗದ ಕೋಣೆ ಮೂರನೆಯ ಮಹಡಿಯ ತುದಿಯಲ್ಲಿತ್ತು. ಅಲ್ಲಿ ಹಗಲೇ ರಾತ್ರಿ, ರಾತ್ರಿಯೇ ಹಗಲು. ಪತಂಗಗಳು ಕತ್ತಲಾದ ಮೇಲಷ್ಟೇ ಸಂಸಾರ ಹೂಡುವ ಜೀವಗಳು. ಅವುಗಳಿಗಾಗಿ ಮನುಷ್ಯರು ನಿದ್ದೆಗೆಡಬಾರದೆಂದು ಕೋಣೆಯ ದೀಪಗಳನ್ನು ರಾತ್ರಿಯಿಡೀ ಉರಿಸಿ ಬೆಳಿಗ್ಗೆ ಆರಿಸುವ ಏರ್ಪಾಡು ಮಾಡಿದ್ದರು. ಹಗಲು ಹೊತ್ತು ಮೇಜಿನ ಮೇಲೆ ಒಂದು ಮಂದವಾದ ಕೆಂಪು ಬಲ್ಬು ಮಾತ್ರ. ಆ ಕೆಂಪು ಪತಂಗಗಳ ಕಣ್ಣಿಗೆ ಹತ್ತದು. ತಮ್ಮನ್ನು ಯಾರೂ ನೋಡುತ್ತಿಲ್ಲವೆಂದು ನಂಬಿ ಅವು ತಮ್ಮ ಪಾಡಿಗೆ ತಾವಿರುತ್ತಿದ್ದವು.

ಮೊದಲು ಹಾಗಿತ್ತು, ಈಗ ಹಾಗಿರಲಿಲ್ಲ. ಬಲೆಯ ಪಂಜರದಲ್ಲಿ ಹೆಣ್ಣುಗಳು ಗೋಡೆಗೆ ಅಂಟಿಸಿದ ಚೀಟಿಗಳಂತೆ ಮಿಸುಕದೆ ಕೂತಿದ್ದವು. ಗಂಡುಗಳು ಒಂದು ಮೂಲೆಯಲ್ಲಿ ಗುಂಪಾಗಿದ್ದವು. ಮೊಟ್ಟೆಗೆಂದು ಇಳಿಬಿಟ್ಟ ಕಾಗದದ ಪಟ್ಟಿಗಳು ಇಸ್ತ್ರಿ ಮಾಡಿದಷ್ಟು ಸ್ವಚ್ಛ.

"ಹೋದ ಸಲದ್ದೂ ಹೀಗೇ ಸತ್ತವು, ಅದರ ಹಿಂದಿನದ್ದೂ," ಎಂದಳು ಗಡಿಬಿಡಿ. "ಪತಂಗ ಹೊರಬರೋ ಕೋಶಗಳ ಡಬ್ಬಿ ಖಾಲಿ. ಇವೇ ಕೊನೆ. ಎಲ್ಲ ನೀವು ಹೇಳಿದ ಹಾಗೇ ಮಾಡಿದ್ದೀನಿ ಅಕ್ಕ. ನೀರು, ಬಿಸಿ, ಕಾಗದ, ಎಲ್ಲ."

ಸುಳ್ಳಿರಲಿಲ್ಲ. ಪಿಸು ಒಂದೊಂದನ್ನೇ ನೋಡಿದಳು. ತಪ್ಪು ಎಲ್ಲೂ ಸಿಗಲಿಲ್ಲ. ರೆಕ್ಕೆ ಬಂದ ಮೇಲೆ ಈ ಪತಂಗಗಳು ಏನನ್ನೂ ತಿನ್ನುವುದಿಲ್ಲ. ಹೆಚ್ಚೆಂದರೆ ಒಂದು ವಾರದ ಆಯಸ್ಸು. ಅಷ್ಟರೊಳಗೆ ಮೊಟ್ಟೆ ಬೀಳದಿದ್ದರೆ ವಂಶ ಮುಗಿಯಿತು. ಪ್ರೊಫೆಸರ್ ತಮ್ಮ ಪ್ರಾಯದಲ್ಲಿ ಹಳೆಯ ಧಾನ್ಯದ ಉಗ್ರಾಣವೊಂದರಲ್ಲಿ ಹಿಡಿದು ತಂದ ಪತಂಗಗಳ ಮರಿ, ಮರಿಮರಿಗಳು ಇವು. ಉಗ್ರಾಣ ಕೆಡವಿದ ಮೇಲೆ ಈ ಬಗೆಯವು ಬೇರೆ ಎಲ್ಲೂ ಸಿಕ್ಕಿರಲಿಲ್ಲ.

ಪ್ರೊಫೆಸರ್ ಪಿಸುವನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಹೊಗಳಿಕೆಯನ್ನು ಔಷಧಿಯಂತೆ ಹನಿ ಲೆಕ್ಕದಲ್ಲಿ ಕೊಡುವ ಹೆಂಗಸು ಅವರು.

"ನಾನು ವಿಜ್ಞಾನ ಓದಿದೋಳು, ಇದನ್ನ ಹೇಳಬಾರದು. ಆದ್ರೂ ಹೇಳ್ತೀನಿ. ನಿನ್ನ ಕೈಗುಣ ಕಣೇ ಅದು. ನೀನು ಹೋದ ಮೇಲೆ ಒಂದು ಮೊಟ್ಟೆ ಬಿದ್ದಿಲ್ಲ."

ಪಿಸು ಸೆರಗಿಲ್ಲದ ಅಂಗಿಯ ಅಂಚನ್ನೇ ಬೆರಳಿಗೆ ಸುತ್ತಿಕೊಂಡಳು.

"ಶುಕ್ರವಾರ ವಿಭಾಗದ ಸಭೆ ಇದೆ. ಪತಂಗಗಳ ಪಾಲನೆಗೆ ಅಂತ ಒಂದು ಹುದ್ದೆ ಕೇಳ್ತೀನಿ. ಒಂದು ವರ್ಷದ್ದು, ಬೇಕಾದ್ರೆ ಮುಂದುವರಿಸಬಹುದು. ನಿನ್ನ ಬಿಟ್ಟು ಬೇರೆಯವರಿಂದ ಆಗಲ್ಲ ಅಂತ ಗೊತ್ತಾದ್ರೆ ಅವರೂ ಬೇಡ ಅನ್ನಲ್ಲ. ಬರ್ತೀಯಾ?"

"ಬರ್ತೀನಿ ಮೇಡಂ," ಎಂದಳು. ಜೀವಮಾನದಲ್ಲೇ ಅವಳು ಅಷ್ಟು ಬೇಗ ಉತ್ತರ ಕೊಟ್ಟದ್ದಿರಲಿಲ್ಲ.

ಮನೆಗೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಂಡದ್ದೆಲ್ಲ ಚೆಂದವಿತ್ತು. ಒಳಗೆ ಬಂದು ಸುದ್ದಿ ಹೇಳಿದಳು. ಅಮ್ಮ ಯಂತ್ರ ನಿಲ್ಲಿಸಿ, ಬಾಯಲ್ಲಿ ಕಚ್ಚಿದ್ದ ದಾರವನ್ನೂ ತೆಗೆಯದೆ ನಕ್ಕಳು. ಆಮೇಲೆ ಒಗೆಯುವ ಬಟ್ಟೆ ಆರಿಸಲು ಹೋದವಳು ಹಿತ್ತಿಲ ಬಾಗಿಲಿನಿಂದ ಕೂಗಿ ಹೇಳಿದಳು:

"ಇದೇನೇ ಇದು, ಬೂದಿ ಬುಟ್ಟೀಲಿ ಅದ್ದಿ ತಂದಿದ್ದೀಯಾ?"

ಅಮ್ಮನ ಕೈಯಲ್ಲಿ ಪಿಸುವಿನ ಕಪ್ಪು ಶಾಲಿತ್ತು. ಕಪಾಟು ಖಾಲಿ ಮಾಡಿದ ದಿನ ಉಳಿದ ಸಾಮಾನಿನ ಜೊತೆ ಸುತ್ತಿ ತಂದದ್ದು. ಅಮ್ಮ ಕೊಡವಿದಾಗ ಅದರಿಂದ ಬೆಳ್ಳಿಯಂಥ ಪುಡಿ ಎದ್ದು ಸಂಜೆಯ ಬಿಸಿಲಿನಲ್ಲಿ ತೇಲಿತು. ಪತಂಗದ ರೆಕ್ಕೆಯ ಪುಡಿ.

ಪಿಸು ಶಾಲನ್ನು ಕೈಗೆ ತೆಗೆದುಕೊಂಡಳು. ಇಷ್ಟೊಂದು ಪುಡಿ ಶಾಲಿಗೆ ಹೇಗೆ ಬಂತು? ಹೆಗಲ ಮೇಲಿದ್ದಾಗ ಬಂದದ್ದಲ್ಲ. ಎರಡು ವರ್ಷದ ಹಿಂದೆ ಪತಂಗದ ಕೋಣೆಯ ಹೊರಗೆ, ಓಣಿಯಲ್ಲಿ ಹಗಲೂ ಉರಿಯುವ ಹೊಸ ದೀಪ ಹಾಕಿದ್ದರು. ಬಾಗಿಲ ಮೇಲಿನ ಗಾಳಿಕಿಂಡಿಯಿಂದ ಅದರ ಬೆಳಕು ಒಂದು ಗೇಣಗಲ ಪಂಜರದ ಹಿಂಬದಿಗೆ ಬೀಳುತ್ತಿತ್ತು. ಕಣ್ಣಿಗೆ ಕಿರಿಕಿರಿ ಎಂದು ಅವಳು ಹೆಗಲ ಮೇಲಿದ್ದ ಶಾಲನ್ನೇ ತೆಗೆದು ಪಂಜರದ ಹಿಂದಕ್ಕೆ ಹೊದಿಸಿದ್ದಳು. ಮರುದಿನವೂ ಹಾಗೇ ಮಾಡಿದ್ದಳು. ಆಮೇಲೆ ಅದು ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟು ಸಹಜವಾಗಿಬಿಟ್ಟಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದು ಎಂದು ಅನಿಸಿಯೇ ಇರಲಿಲ್ಲ. ಗಡಿಬಿಡಿಗೆ ಕೆಲಸ ಕಲಿಸುವಾಗಲೂ ಶಾಲು ಅಲ್ಲೇ ಇತ್ತು. ಹೊರಡುವಾಗ ತನ್ನದಲ್ಲವೇ ಎಂದು ಎತ್ತಿಕೊಂಡು ಬಂದಿದ್ದಳು.

ಬೆಳಕು ಬಿದ್ದಲ್ಲಿ ಹೆಣ್ಣು ಪತಂಗ ಗಂಡನ್ನು ಕರೆಯುವುದಿಲ್ಲ. ಇದನ್ನು ಅವಳೇ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಬರೆದಿದ್ದಳು.

"ಒಗೀಲೋ ಬೇಡ್ವೋ?" ಎಂದಳು ಅಮ್ಮ.

"ಬೇಡ. ಇರಲಿ."

ಫೋನ್ ಕೈಯಲ್ಲೇ ಇತ್ತು. ಗಡಿಬಿಡಿಯ ಹೆಸರು ಹುಡುಕಿ, ಒತ್ತದೆ ಕೂತಳು. ಒತ್ತಿದರೆ ಪತಂಗಗಳು ಉಳಿಯುತ್ತವೆ, ಹುದ್ದೆ ಹೋಗುತ್ತದೆ. ಒಂದು ಬಟ್ಟೆ ಹೊದಿಸಲು ಡಾಕ್ಟರೇಟ್ ಬೇಕೇ? ಒತ್ತದಿದ್ದರೆ ಪತಂಗಗಳೂ ಹೋಗುತ್ತವೆ, ಸಾಕಲು ಪತಂಗವೇ ಇಲ್ಲದ ಮೇಲೆ ಹುದ್ದೆಯೂ ಇಲ್ಲ. ಬಿಸಿತುಪ್ಪ ಬಾಯಲ್ಲಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಮ್ಮ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಹೂಂ, ಅಲ್ಲೇ ಕೆಲಸ. ಅವರೇ ಕರೆದು ಕೊಟ್ರಂತೆ. ಇವಳಿಲ್ಲದೆ ಅಲ್ಲಿ ಏನೂ ನಡೆಯೋದಿಲ್ವಂತೆ." ಆ ಕಡೆ ಚಿಕ್ಕಮ್ಮ. ಚಿಕ್ಕಮ್ಮನಿಗೆ ಗೊತ್ತಾದರೆ ನೆಂಟರಿಗೆಲ್ಲ ಗೊತ್ತಾದಂತೆ.

ಪಿಸು ಫೋನ್ ಕೆಳಗಿಟ್ಟಳು. ನಾಳೆ ಹೇಳಿದರಾಯಿತು.

ಮಂಗಳವಾರ ಶಾಲನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಚೀಲ ಹೆಗಲಿನಿಂದ ಇಳಿಯಲಿಲ್ಲ. ಪಂಜರದ ತಳದಲ್ಲಿ ಸತ್ತ ಪತಂಗಗಳು ಬಿದ್ದಿದ್ದವು. ಗಡಿಬಿಡಿ ಅವನ್ನು ಚಿಮಟದಿಂದ ಎತ್ತುತ್ತಿದ್ದಳು. ಕೆಂಪು ಬೆಳಕಿನಲ್ಲೂ ಅವಳ ಬೆರಳುಗಳ ಚರ್ಮ ಎದ್ದು ಬಂದಿರುವುದು ಕಾಣುತ್ತಿತ್ತು.

"ಕೈಗೇನಾಯ್ತು?"

"ಏನಿಲ್ಲ ಅಕ್ಕ. ನನ್ನ ಕೈ ವಾಸನೆ ಅವಕ್ಕೆ ಆಗಲ್ವೇನೋ ಅಂತ ಸಿಕ್ಕಿದ ಸೋಪಲ್ಲೆಲ್ಲ ತೊಳೆದೆ. ಸ್ಪಿರಿಟ್ಟಲ್ಲೂ ಅದ್ದಿದೆ. ಬದುಕಿರೋದನ್ನ ಕೈಗವಸು ಹಾಕ್ಕೊಂಡೇ ಮುಟ್ತಿದ್ದೀನಿ, ಆದ್ರೂ." ಅವಳು ನಗಲು ನೋಡಿದಳು. "ಮೇಡಂ ಕೈಗುಣ ಅಂದ್ರಂತಲ್ಲ, ಎಲ್ಲರೂ ಹೇಳ್ತಿದ್ದಾರೆ. ಮೇಲಿನ ಮಹಡಿಯೋರು ಅವರ ಗಿಡ ಮುಟ್ಟಬೇಡ ಅಂತ ತಮಾಷೆ ಮಾಡ್ತಾರೆ. ತಮಾಷೆಗೇ ಅನ್ನಿ."

ಪಿಸು ಚೀಲದ ಪಟ್ಟಿಯನ್ನು ಹೆಗಲಿಗೆ ಎಳೆದುಕೊಂಡಳು. ಗಾಳಿಕಿಂಡಿಯ ಕಡೆ ನೋಡಿದಳು. ಒಮ್ಮೆ ತಿಳಿದ ಮೇಲೆ ಅದು ಎಷ್ಟು ಢಾಳಾಗಿತ್ತೆಂದರೆ, ಬೇರೆಯವರಿಗೆ ಕಾಣದಿರುವುದೇ ಆಶ್ಚರ್ಯ. ಆದರೆ ಎಲ್ಲರೂ ಕೆಂಪು ಬಲ್ಬಿನ ಕಡೆ ಮುಖ ಮಾಡಿ ಪಂಜರದ ಮುಂದೆ ನಿಲ್ಲುವವರೇ, ಹಿಂದಕ್ಕೆ ಯಾರು ಹೋಗುತ್ತಾರೆ?

ಬುಧವಾರವೂ ಹಾಗೇ ಕಳೆಯಿತು. ಸಂಜೆ ಅಣ್ಣ ಊಟದ ತಟ್ಟೆಯ ಮುಂದೆ ಕೇಳಿದ, "ಅವರು ಕೊಡೋದು ಒಂದು ವರ್ಷ ತಾನೆ? ಆಮೇಲೆ?"

"ಮುಂದುವರಿಸಬಹುದು ಅಂದ್ರು."

"ಎಷ್ಟು ದಿನ? ಪತಂಗ ಇರೋವರೆಗಾ?"

"ಶುಭ ನುಡಿಯೋ ಸೋಮ ಅಂದ್ರೆ..." ಎಂದಳು ಅಮ್ಮ.

ಅವನು ಕೈ ಎತ್ತಿ ಸೋಲೊಪ್ಪಿಕೊಂಡ. ಆದರೆ ತಂಗಿಯನ್ನು ನೋಡುವುದನ್ನು ಬಿಡಲಿಲ್ಲ. "ಕೆಲಸ ಸಿಕ್ತು ಅಂತೀಯ, ಮುಖ ನೋಡಿದ್ರೆ ಸಾಲ ಮಾಡಿದೋರ ಹಾಗಿದೆ. ಏನಾಯ್ತೇ?"

"ಏನಿಲ್ಲ."

ಅವತ್ತು ಅವಳು ಡೈರಿ ತೆಗೆಯಲೇ ಇಲ್ಲ. ಹಾಸಿಗೆಯಲ್ಲಿ ಮಲಗಿದಾಗ ಒಂದು ಉಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಾರೂ ಇಲ್ಲದಾಗ ಶಾಲು ಹೊದಿಸುವುದು, ಹೊರಡುವಾಗ ತೆಗೆಯುವುದು. ಮೊಟ್ಟೆ ಬೀಳುತ್ತದೆ, ವಂಶ ಉಳಿಯುತ್ತದೆ, ಹುದ್ದೆಯೂ ಉಳಿಯುತ್ತದೆ. ಯಾರಿಗೇನು ನಷ್ಟ? ಗಡಿಬಿಡಿಯ ಬೆರಳುಗಳು ಕಣ್ಣಮುಂದೆ ಬಂದವು. ಚರ್ಮ ತಾನೆ, ಬೆಳೆಯುತ್ತದೆ ಎಂದುಕೊಂಡು ಮಗ್ಗುಲು ಬದಲಿಸಿದಳು.

ಗುರುವಾರ ಅವಳು ಗಡಿಬಿಡಿಗೆ, "ನೀನು ಹೋಗಿ ಏನಾದ್ರೂ ತಿಂದು ಮಲಕ್ಕೋ, ನಾಳೆ ಬಾ. ಇವತ್ತು ನಾನು ಕೂತಿರ್ತೀನಿ," ಎಂದಳು. ಹುಡುಗಿ ಮರುಮಾತಾಡದೆ ಹೋದಳು. ಮೊದಲಾದರೆ ನೂರು ಮಾತಾಡುತ್ತಿದ್ದವಳು.

ಪಿಸು ಬಾಗಿಲು ಭದ್ರ ಮಾಡಿ ಶಾಲನ್ನು ಹೊದಿಸಿದಳು. ಉಳಿದಿದ್ದದ್ದು ಎರಡು ಕೈ ಬೆರಳಿನಲ್ಲಿ ಎಣಿಸಿ ಮುಗಿಸುವಷ್ಟು ಪತಂಗ. ಸ್ಟೂಲಿನ ಮೇಲೆ ಕೂತು ಕಾದಳು. ಓಣಿಯಲ್ಲಿ ಯಾರೋ ನಡೆದರೆ ಬಾಗಿಲ ಚಿಲಕದ ಕಡೆ ನೋಡುತ್ತಿದ್ದಳು. ಹೆಜ್ಜೆ ದೂರವಾದರೆ ಮತ್ತೆ ಪಂಜರ. ಬಹಳ ಹೊತ್ತಿನ ಮೇಲೆ ಒಂದು ಹೆಣ್ಣು ನಿಧಾನವಾಗಿ ಹೊಟ್ಟೆಯ ತುದಿಯನ್ನು ಮೇಲೆತ್ತಿತು. ಅದು ಕರೆಯುವ ರೀತಿ. ಮೂಲೆಯಲ್ಲಿದ್ದ ಗಂಡೊಂದರ ರೆಕ್ಕೆ ನಡುಗತೊಡಗಿತು. ಎಷ್ಟೋ ಸಲ ನೋಡಿದ ದೃಶ್ಯ. ಆದರೆ ಇವತ್ತು ಅವಳು ಕದ್ದು ನೋಡುವವಳಂತೆ ಮುಖ ತಿರುಗಿಸಿಕೊಂಡಳು.

ಸಂಜೆ ಶಾಲು ಚೀಲಕ್ಕೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಅವಳು ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಪ್ರೊಫೆಸರರ ನಗೆ ಕೇಳಿಸಿತು. ಅವರು ಪತಂಗದ ಕೋಣೆಯಲ್ಲಿ ಕಾಗದದ ಒಂದು ಪಟ್ಟಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನಿಂತಿದ್ದರು. ಪಟ್ಟಿಯ ಮೇಲೆ ಗಸಗಸೆ ಚೆಲ್ಲಿದಂತೆ ಒಂದಿಷ್ಟು ಮೊಟ್ಟೆ. ಬಹಳವೇನಿಲ್ಲ. ಒಂದು ಹೆಣ್ಣು ಮಾತ್ರ ಇಟ್ಟಿತ್ತು.

"ನೋಡಿದ್ಯಾ?" ಎಂದರು ಗಡಿಬಿಡಿಗೆ. "ಒಂದು ದಿನ ಇವಳೊಬ್ಬಳೇ ಕೂತಿದ್ದಕ್ಕೆ. ಇದಕ್ಕೆ ನೀನು ಏನು ಅಂತೀಯ?"

"ಕೈಗುಣ ಅಂತೀನಿ ಮೇಡಂ," ಎಂದಳು ಗಡಿಬಿಡಿ. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ನಿಮ್ಮ ಸಭೆ ಮುಗಿದ ಮೇಲೆ ನನ್ನದೂ ಒಂದು ಮಾತಿದೆ. ನಾನು ವಿಷಯ ಬದಲಿಸ್ತೀನಿ. ಬದಲಿಸೋಕೆ ಬಿಡದಿದ್ರೆ ಓದೇ ಬಿಡ್ತೀನಿ. ನನ್ನ ಕೈಲಿ ಜೀವ ಇರೋದು ಉಳಿಯಲ್ಲ ಅಂತ ಗೊತ್ತಾಯ್ತಲ್ಲ."

"ದುಡುಕಬೇಡ," ಎಂದರು ಪ್ರೊಫೆಸರ್. ಆದರೆ ತಡೆಯುವವರ ಹಾಗೆ ಹೇಳಲಿಲ್ಲ. ಅವರ ಗಮನ ಗಡಿಯಾರದ ಮೇಲಿತ್ತು. "ಬಾ ಪಿಸು, ಸಭೆಗೆ ಹೊತ್ತಾಯ್ತು. ಕೇಳಿದ್ರೆ ನೀನೇ ಹೇಳುವಿಯಂತೆ."

"ಬೆಳಕು," ಎಂದಳು ಪಿಸು.

ಯಾರಿಗೂ ಕೇಳಿಸಲಿಲ್ಲ. ಪ್ರೊಫೆಸರ್ ಆಗಲೇ ಬಾಗಿಲ ಹಿಡಿಗೆ ಕೈ ಹಾಕಿದ್ದರು. ಸುಮ್ಮನಿದ್ದುಬಿಡಬಹುದಿತ್ತು. ಹೇಳಿದ್ದೆ, ಅವರಿಗೇ ಕೇಳಿಸಲಿಲ್ಲ ಎಂದು ಆಮೇಲೆ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲೂ ಬಹುದಿತ್ತು. ಗಡಿಬಿಡಿ ಕೈಗವಸು ಬಿಚ್ಚುತ್ತಿದ್ದಳು. ಎದ್ದು ಬಂದ ಚರ್ಮಕ್ಕೆ ಅಂಟಿ ಅದು ಬರುತ್ತಿರಲಿಲ್ಲ.

"ಬೆಳಕು ಮೇಡಂ." ಈ ಸಲ ದನಿ ಒಡೆದು ಗೋಡೆಗೆ ತಾಗಿತು. ಅವಳೇ ಬೆಚ್ಚಿದಳು. "ಕೈಗುಣ ಅಲ್ಲ. ಓಣಿ ದೀಪದ ಬೆಳಕು ಆ ಕಿಂಡಿಯಿಂದ ಪಂಜರದ ಹಿಂದೆ ಬೀಳ್ತಿದೆ. ನಾನು ಇರೋವಾಗ ಶಾಲು ಹೊದಿಸ್ತಿದ್ದೆ. ಹೋಗುವಾಗ ತಗೊಂಡು ಹೋದೆ. ನಿನ್ನೆ ಮತ್ತೆ ಹೊದಿಸಿದೆ."

ಚೀಲದಿಂದ ಶಾಲು ತೆಗೆದು ಮೇಜಿನ ಮೇಲಿಟ್ಟಳು. ಪ್ರೊಫೆಸರ್ ಪಂಜರದ ಹಿಂದಕ್ಕೆ ಹೋದರು. ಬಗ್ಗಿ ನೋಡಿದರು. ಬೆಳಕಿನ ಪಟ್ಟಿ ಅವರ ಕೆನ್ನೆಯ ಮೇಲೆ ಬಿತ್ತು.

"ಯಾವತ್ತು ಗೊತ್ತಾಯ್ತು ನಿನಗೆ?"

"ಸೋಮವಾರ. ಸಂಜೆ."

"ಸೋಮವಾರ ಪಂಜರ ತುಂಬ ಇದ್ವು."

ಪಿಸು ಹೂಂ ಎಂದಳು.

ಪ್ರೊಫೆಸರ್ ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ. ಭೂತಗನ್ನಡಿಯನ್ನು ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. "ನಾನೂ ಹಿಂದೆ ಹೋಗಿ ನೋಡಲಿಲ್ಲ. ಇಷ್ಟು ವರ್ಷ ಪಾಠ ಹೇಳಿ ಕೊನೆಗೆ ಕೈಗುಣ ಅಂದೆ," ಎಂದರು, ಯಾರಿಗೂ ಹೇಳದವರಂತೆ. ಬಾಗಿಲಲ್ಲಿ ನಿಂತು, "ಸಭೆಗೆ ನಾನೊಬ್ಬಳೇ ಹೋಗ್ತೀನಿ. ಹುದ್ದೆ ಬೇಕಾಗಿಲ್ಲ ಅಂತ ಹೇಳಬೇಕಲ್ಲ. ಬೇರೆ ಕಡೆ ಅರ್ಜಿ ಹಾಕೋವಾಗ ಶಿಫಾರಸಿಗೆ ನನ್ನ ಹೆಸರು ಕೊಡು. ಏನು ಹೇಳ್ತೀನಿ ಅಂತ ನನಗೇ ಇನ್ನೂ ಗೊತ್ತಿಲ್ಲ," ಎಂದು ಹೋದರು.

ಇಬ್ಬರೇ ಉಳಿದರು. ಗಡಿಬಿಡಿ ಮೇಜಿನ ಮೇಲಿನ ಶಾಲನ್ನು ನೋಡುತ್ತಿದ್ದಳು.

"ಅದು ನೀವು ಚಳಿಗೆ ಹಾಕ್ಕೊಳ್ಳೋದು ಅಂದ್ಕೊಂಡಿದ್ದೆ."

"ಮೊದಲು ಅದಕ್ಕೇ ತಂದಿದ್ದು."

"ಮಂಗಳವಾರ ನನ್ನ ಕೈ ನೋಡಿದ್ರಿ."

"ನೋಡಿದೆ."

"ನೋಡಿ, ಕೈಗೇನಾಯ್ತು ಅಂತ ಕೇಳಿದ್ರಿ."

ತಪ್ಪಾಯಿತು ಎಂಬ ಮಾತು ಪಿಸುವಿನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಆಡಿದರೆ ಕ್ಷಮಿಸುವ ಕೆಲಸವೂ ಈ ಹುಡುಗಿಯ ತಲೆಗೇ ಬೀಳುತ್ತಿತ್ತು. ಶಾಲನ್ನು ಅವಳ ಕಡೆ ಸರಿಸಿದಳು. "ಇದನ್ನ ಇಟ್ಕೋ. ಇಲ್ಲೇ ಇರಲಿ."

"ಬೇಡ, ತಗೊಂಡು ಹೋಗಿ. ನಾಳೆ ನಾನೂ ಮರೆತು ಎತ್ಕೊಂಡು ಹೋದ್ರೆ?" ಗಡಿಬಿಡಿ ಮೂಗು ಒರೆಸಿಕೊಂಡು ಕಪಾಟಿನ ಮೇಲಿನಿಂದ ದಪ್ಪ ಕಪ್ಪು ಕಾಗದದ ಸುರುಳಿ ಇಳಿಸಿದಳು. ಕತ್ತರಿ, ಅಂಟುಪಟ್ಟಿ ಹುಡುಕಿ ತೆಗೆದಳು. ಸ್ಟೂಲನ್ನು ಬಾಗಿಲಿಗೆ ಒತ್ತಿ ಇಟ್ಟು ಹತ್ತಿದಳು. ಸ್ಟೂಲಿನ ಒಂದು ಕಾಲು ಗಿಡ್ಡ, ಅದು ಅಲುಗಾಡಿತು.

"ಹಿಡ್ಕೊಳ್ಳಿ," ಎಂದಳು, ಕೆಳಗೆ ನೋಡದೆ.

ಪಿಸು ಎರಡೂ ಕೈಯಿಂದ ಸ್ಟೂಲು ಹಿಡಿದಳು. ಮೇಲೆ ಕಾಗದ ಸರಸರ ಎಂದಿತು. ಅಂಟುಪಟ್ಟಿಯನ್ನು ಗಡಿಬಿಡಿ ಹಲ್ಲಿನಿಂದ ಕತ್ತರಿಸುವ ಸದ್ದು. ಕಿಂಡಿಯ ಒಂದು ಮೂಲೆ ಮುಚ್ಚಿತು, ಇನ್ನೊಂದು ಮುಚ್ಚಿತು. ಕೊನೆಯ ಗೆರೆಯೂ ಹೋದಾಗ, ಇಷ್ಟು ದಿನ ಕತ್ತಲೆಂದು ತಾವು ಕರೆದದ್ದು ಕತ್ತಲೇ ಆಗಿರಲಿಲ್ಲ ಎಂದು ಇಬ್ಬರಿಗೂ ತಿಳಿಯಿತು. ಮೇಜಿನ ಮೇಲಿನ ಕೆಂಪು ಬಲ್ಬು ಸಣ್ಣ ಕೆಂಡದಂತೆ ಉಳಿದು, ಉಳಿದದ್ದೆಲ್ಲ ಕರಗಿಹೋಯಿತು.

ಗಡಿಬಿಡಿ ಇಳಿದು, ಸ್ಟೂಲನ್ನು ಪಕ್ಕಕ್ಕೆ ಎಳೆದಳು. ಪಿಸು ತಡಕಾಡಿ ಚೀಲ ಹುಡುಕಿ, ಶಾಲನ್ನು ಅದರೊಳಗೆ ತುರುಕಿ ಹೆಗಲಿಗೆ ಹಾಕಿಕೊಂಡಳು. ಇನ್ನು ಇಲ್ಲಿ ಅವಳಿಗೆ ಕೆಲಸವಿರಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕು, ಅಮ್ಮ ಚಿಕ್ಕಮ್ಮನಿಗೆ ಹೇಳಬೇಕು. ಆಮೇಲೆ ಏನು ಎಂದು ಯೋಚಿಸಿದರೆ ಆ ಕಡೆ ಏನೂ ಕಾಣಲಿಲ್ಲ. ಬಾಗಿಲ ಹಿಡಿಗೆ ಕೈ ಚಾಚಿದಳು.

"ತೆಗೀಬೇಡಿ."

ಪಿಸುವಿನ ಕೈ ಅಲ್ಲೇ ನಿಂತಿತು. ಪಂಜರದ ಕಡೆಯಿಂದ ಒಣ ಎಲೆಯನ್ನು ಉಗುರಿನಿಂದ ಕೆರೆದಂಥ ಸದ್ದು ಬರುತ್ತಿತ್ತು. ಒಂದು ರೆಕ್ಕೆ. ನಿಂತಿತು. ಮತ್ತೆ ಶುರುವಾಯಿತು.

"ಈಗ ತೆಗೆದ್ರೆ ಬೆಳಕು ಬರುತ್ತೆ," ಎಂದಳು ಗಡಿಬಿಡಿ, ತೀರ ಮೆಲ್ಲಗೆ. "ಅವು ಮುಗಿಸೋವರೆಗೆ ನಿಲ್ಲಿ."

"ಎಷ್ಟು ಹೊತ್ತಾಗುತ್ತೋ."

"ಆಗಲಿ. ನಿಮಗೆಲ್ಲಿಗೆ ಹೋಗೋದಿದೆ?"

ಕುಹಕವೋ, ಸುಮ್ಮನೆ ಕೇಳಿದ್ದೋ, ಮುಖ ಕಾಣದ ಕತ್ತಲಲ್ಲಿ ತಿಳಿಯುವಂತಿರಲಿಲ್ಲ. ಪಿಸು ಬಾಗಿಲಿಗೆ ಬೆನ್ನು ಕೊಟ್ಟು, ಚೀಲವನ್ನು ಎದೆಗೊತ್ತಿಕೊಂಡು ನಿಂತಳು.